ರಿಪೋರ್ಟ್ ಬಂತಾ ಅಕ್ಕಾ?

ಇದು ನಮ್ಮ ಚಿಕ್ಕಪ್ಪನ ಮಗಳು ಮಂಜುಶ್ರೀಗೆ ಆದದ್ದು, ಮೇಟಗಳ್ಳೀಲಿ. ಆಸ್ಪತ್ರೆಯ ಲ್ಯಾಬಲ್ಲಿ ಕೆಲಸ ಅವಳಿಗೆ. ಆವತ್ತು ಪಾಳಿ ಮುಗಿಸಿ, ಬಸ್ಸಿಳಿದು, ಆಲದಮರದ ಪಕ್ಕದ ಹಾಳುಬಾವಿ ದಾಟಿ ಮನೆಗೆ ಹೋಗ್ತಿದ್ದಳು. ಮನಸ್ಸು ಮಾತ್ರ ಲ್ಯಾಬಲ್ಲೇ ಇತ್ತು.

ಸುಮಾ ಅಂತ ಕಡಕೊಳದ ಹೆಂಗಸು... ಜ್ವರ, ತಲೆನೋವು, ವಾಂತಿ ಅಂತ ಬಂದಿದ್ದಳು. ಮೆದುಳಿನ ಪೊರೆಗೆ ಟಿಬಿ ತಗುಲಿರಬಹುದು, ಬೆನ್ನಿನ ನೀರು ತೆಗೆದು ನೋಡೋಣ ಅಂದರು ಡಾಕ್ಟರು. ಸೊಂಟ ಬಿದ್ದುಹೋಗುತ್ತೆ ಅಂತ ಮನೆಯವರು ಒಪ್ಪಲಿಲ್ಲ. ಒಪ್ಪುವ ಹೊತ್ತಿಗೆ ಸುಮಾಗೆ ಪ್ರಜ್ಞೆ ಇರಲಿಲ್ಲ. ಬೇಗ ಗೊತ್ತಾಗೋ ಪರೀಕ್ಷೇಲಿ ಏನೂ ಕಾಣಲಿಲ್ಲ. ರೋಗಾಣು ಬೆಳೆಸಿ ನೋಡೋಕೆ ವಾರಗಟ್ಟಲೆ ಬೇಕು. ಡಾಕ್ಟರು ಅಂದಾಜಿನ ಮೇಲೇ ಔಷಧಿ ಶುರು ಮಾಡಿದರು. ತಡವಾಗಿತ್ತು... ಸುಮಾ ಹೋಗಿಬಿಟ್ಟಳು. ಅವಳು ಹೋಗಿ ವಾರಗಳಾದ ಮೇಲೆ, ಈ ಬಾವಿ ದಾಟಿದ ದಿನ ಮಧ್ಯಾಹ್ನ ಮಂಜುಶ್ರೀ ನೋಡಿದರೆ, ಸುಮಾಳ ಬೆನ್ನಿನ ನೀರು ಹಾಕಿಟ್ಟಿದ್ದ ಕೊಳವೇಲಿ ಟಿಬಿ ಬೆಳೆದಿತ್ತು.

ಕರ್‍ರ್... ಕರ್‍ರ್... ಬಾವಿಯ ತುಕ್ಕು ಹಿಡಿದ ರಾಟೆ ತಿರುಗೋ ಸದ್ದು. ಆ ರಾಟೆಗೆ ಹಗ್ಗವೇ ಇಲ್ಲ.

ಕಟ್ಟೆ ಮೇಲೆ ಯಾರೋ ಕೂತಿದ್ದರು. ಬಳೆ ತುಂಬಿದ ಎರಡೂ ಕೈಲಿ ತಲೆ ಒತ್ತಿ ಹಿಡಿದುಕೊಂಡು.

"ಅಕ್ಕಾ... ನನ್ ರಿಪೋರ್ಟ್ ಬಂತಾ?"

ಗುರುತು ಸಿಕ್ಕಿತು, ರಕ್ತ ತಗೊಳ್ಳೋವಾಗ ನೋಡಿದ್ದ ಮುಖ... ಸುಮಾ. ಹೆದರಿಕೆಗಿಂತ ಮೊದಲು ಅಳು ಬಂತಂತೆ ಅವಳಿಗೆ.

"ಬಂತು ಕಣಮ್ಮ," ಪಿಸುಗುಟ್ಟಿದಳು. "ಟಿಬಿನೇ."

ಸುಮಾ ತಲೆಯಿಂದ ಕೈ ತೆಗೆದಳು.

"ಅಂಗಾರೆ ನನ್ ಮಗೀಗೂ ನೋಡಕ್ಕ. ಅದ್ಕೂ ತಲೆನೋವು. ಬೇಗ ನೋಡು."

ರಾಟೆ ನಿಂತಿತು. ಕಟ್ಟೆ ಖಾಲಿ.

ಬೆಳಗಾಗುತ್ತಲೇ ಮಂಜುಶ್ರೀ ಕಡಕೊಳಕ್ಕೆ ಹೋದಳು. ಸುಮಾಳ ಅತ್ತೆ ಪುಟ್ಟಮಾದಮ್ಮ ಮೊಮ್ಮಗಳು ಪ್ರೀತಿಯನ್ನ ಮಡಿಲಲ್ಲಿ ಹಾಕಿಕೊಂಡು ಕೂತಿದ್ದರು. ಮಗುವಿನ ಮೈ ಕೆಂಡ. ಬೆಳಕು ಬಿದ್ದರೆ ಮುಖ ತಿರುಗಿಸುತ್ತಿತ್ತು.

"ಬೆನ್ನಿನ ನೀರು ತೆಗೀಬೇಕಮ್ಮ."

"ತೆಗೀರವ್ವ," ಅಂದರು ಮುದುಕಿ. "ಬ್ಯಾಡ ಬ್ಯಾಡ ಅಂದು ಸೊಸೇನ ಕಳ್ಕೊಂಬುಟ್ಟೆ."

ಆಸ್ಪತ್ರೆಗೆ ಕರೆತಂದು ಆವತ್ತೇ ತೆಗೆದರು. ಈ ಸಲ ಬೇಗದ ಪರೀಕ್ಷೇಲೇ ಟಿಬಿ ಸಿಕ್ಕಿಬಿತ್ತು, ಸಂಜೆಯೊಳಗೆ ಔಷಧಿ ಶುರುವಾಯಿತು. ಮಗು ಉಳೀತು. ಎಡಗಿವಿ ಮಾತ್ರ ಕೇಳಲ್ಲ. ಅಮ್ಮ ಎಲ್ಲಿ ಅಂತ ಈಗಲೂ ಕೇಳುತ್ತೆ.

ಇಷ್ಟೇ ಆಗಿದ್ದರೆ ಕನಸು ಅಂದುಬಿಡಬಹುದಿತ್ತು. ಸೂಜಿ ಹಾಕುವಾಗ ಅಲ್ಲಾಡದ ಹಾಗೆ ಮಗುವನ್ನ ಬಗ್ಗಿಸಿ ಹಿಡಿದಿದ್ದವನು ವಾರ್ಡ್‌ಬಾಯ್ ದಿಲೀಪ, ಅವನೊಬ್ಬನೇ. ಪುಟ್ಟಮಾದಮ್ಮ ಆಚೆ ಇದ್ದರು. ಎಲ್ಲ ಮುಗಿದ ಮೇಲೆ ಮಂಜುಶ್ರೀ ನೋಡ್ತಾಳೆ... ಮಗುವಿನ ಬರಿತೋಳಲ್ಲಿ ದೊಡ್ಡವರ ಬಳೆ ಒತ್ತಿದ ಗುರುತು. ಸಾಲಾಗಿ, ಕೆಂಪಗೆ.

ನಡೆದದ್ದು ನಿಜ ಕಣ್ರೀ. ದಿಲೀಪನ ಕೈಲಿ ವಾಚು ಕೂಡ ಇರಲಿಲ್ಲ.