ನರ್ಸಮ್ಮನ ಅರ್ಧ ಗಂಟೆ

ಲಂಡನ್ನಿನ ಅಂಚಿನ ಟೂಟಿಂಗ್‌ನಲ್ಲಿ, ಹಾಲಿನಂಗಡಿಯ ಸಾಲಿನಲ್ಲಿ ನಿಂತಿದ್ದ ಮುದುಕಿ ಹೆಸ್ಟರ್ ಕಿವಿ ನಿಮಿರಿಸಿದಳು. ಮುಂದೆ ಕೂಸನ್ನೆತ್ತಿಕೊಂಡ ಈಡಿ ತನ್ನ ಗೆಳತಿ ಆಗ್ನೆಸ್ ಹತ್ತಿರ ಕುದಿಯುತ್ತಿದ್ದಳು.

"ಕೂಸುಗಳನ್ನ ನೋಡೋಕೆ ಮನೆಮನೆಗೆ ಬರೋ ಕೌನ್ಸಿಲ್ ನರ್ಸಮ್ಮ, ಪಕ್ಕದ್ಮನೆ ಫ್ಲೋರಿ ಹತ್ರ ಅರ್ಧ ಗಂಟೆ ಕೂತು ಚಹಾ ಕುಡೀತಾಳೆ ಕಣೇ!"

"ನಿನ್ನ ಮನೇಲಿ?"

"ಹೊಸಿಲೂ ದಾಟಲ್ಲ. 'ಎಲ್ಲಾ ಚೊಕ್ಕಟವಾಗಿದೆ' ಅಂತ ಹೊರಟೇಬಿಡ್ತಾಳೆ."

"ಫ್ಲೋರೀದೇನು ಅಂಥ ಹೆಚ್ಚುಗಾರಿಕೆ?"

"ಅವಳ ಮಗುಗೆ ಉದ್ದ ರಬ್ಬರ್ ಕೊಳವೆಯ ಹಾಲಿನ ಬಾಟ್ಲಿ. ಒಳಗೆಲ್ಲ ಗಲೀಜು, ತೊಳೆಯೋಕೇ ಆಗಲ್ಲ. ಅದನ್ನ ಬಿಡು ಅಂತ ಬೈಯೋಕೆ ನರ್ಸಮ್ಮ ವಾರವಾರ ಬರ್ತಾಳೆ. ಅಮ್ಮನ ಹಳೇ ಬಾಟ್ಲಿ ನಾನೂ ಹುಡುಕಿ ತೆಗ್ದಿದೀನಿ."

"ಅಯ್ಯೋ! ಮಗುಗೆ ಅದ್ರಲ್ಲಿ ಕುಡಿಸ್ತೀಯಾ?"

"ನಂಗೇನು ತಲೆ ಕೆಟ್ಟಿದ್ಯಾ?"

ಈಡಿಯ ಹಾಲಿನ ಜಗ್ಗು ತುಂಬಿತು. ಹೊರಡುತ್ತ ಈಡಿ ಅಂದಳು:

"ಕಿಟಕೀಲಿ ಕಾಣೋ ಹಾಗೆ ಇಡ್ತೀನಿ, ಅಷ್ಟೆ. ನನ್ನನ್ನೂ ಅರ್ಧ ಗಂಟೆ ಕೂತ್ಕೊಂಡು ಬೈಲಿ."