ಕೆರೆಯ ತಳದ ಬೋಲ್ಟು

ನಮ್ಮ ಚಿಕ್ಕಮ್ಮನ ಮಗ ಇದ್ದಾನಲ್ಲ, ಕೆರೆಯಲ್ಲಿ ಮುಳುಗೋ ಕೆಲಸದವನು... ಅವನಿಗೇ ಆಗಿದ್ದು ಇದು. ತನಗೆರಡು ಕೊಂಬಿದೆ ಅಂದ್ಕೊಂಡಿರೋ ಆಸಾಮಿ. ಹಿಡಿದ ಮೊಲಕ್ಕೆ ಮೂರೇ ಕಾಲು.

ಹಿಂದೆ ಆ ದೊಡ್ಡ ಕೆರೆ ಮೇಲೆ ರೈಲು ಸೇತುವೆ ಇತ್ತು. ಕುಸಿದು ಮುಳುಗಿತು, ಜನ ಮರೆತೂಬಿಟ್ಟರು. ಅದರ ಅವಶೇಷ ಹುಡುಕೋ ತಂಡದಲ್ಲಿ ಇವನೂ ಒಬ್ಬ. ಅವರಲ್ಲಿ ಒಂದು ಕಟ್ಟುನಿಟ್ಟು: ತಳದಲ್ಲಿರೋದನ್ನ ಮುಟ್ಟಬಾರದು, ಫೋಟೋ ತೆಗೆದು ಬರಬೇಕು. ಈ ಮಹಾನುಭಾವ ಹಳಿಯಿಂದ ಒಂದು ಬೋಲ್ಟು ಕಿತ್ತು ಚೀಲಕ್ಕೆ ಹಾಕ್ಕೊಂಡ. ಶೋಕೇಸಿಗೆ ಬೇಕಿತ್ತಂತೆ, ಥೂ!

"ವಾಪಸ್ ಇಡೋ ಮಾರಾಯ," ಅಂದ ಜತೆಗಾರ, ದಡಕ್ಕೆ ಬಂದ ಮೇಲೆ. "ಸುತ್ತಿಗೆ ಹಿಡಿದು ಒಂದೊಂದೇ ಬೋಲ್ಟು ತಟ್ಟಿ ನೋಡೋನು ಒಬ್ಬ ಇದ್ದ. ಸೇತುವೆ ಜತೆಗೇ ಹೋದ. ಈಗಲೂ ತಟ್ತಾ ಇರ್ತಾನಂತೆ."

"ಸತ್ತ ಮೇಲೂ ಡ್ಯೂಟಿನಾ? ಸಂಬಳ ಯಾರು ಕೊಡ್ತಾರೋ?"

ಅವತ್ತು ರಾತ್ರಿ ಪಾಳುಬಾವಿ ಪಕ್ಕ ಮನೆಗೆ ಬರ್ತಿದ್ದಾನೆ. ಬಾವಿಯೊಳಗಿಂದ... ಟಣ್. ನಿಂತ. ಮತ್ತೆ... ಟಣ್. "ಬೇರೆ ಕೆಲಸ ಇಲ್ವೇನೋ?" ಅಂತ ಬಾವಿಗೆ ಉಗಿದು ನಡೆದ.

ಎಲ್ಲರೂ ಮಲಗಿದ ಮೇಲೆ ಹೆಂಡತಿ ಪಿಸುಗುಟ್ಟಿದಳು. "ರೀ... ಯಾರೋ ತಟ್ಟುತ್ತಿದ್ದಾರೆ."

ಗೇಟಿನ ಕೀಲು... ಟಣ್. ಕಿಟಕಿ ಸರಳು... ಟಣ್. ಆಮೇಲೆ ಹೊರಗಿದ್ದ ಸ್ಕೂಟರು. ಟಣ್... ಕಿರ್ರ್... ಕಿರ್ರ್... ಮತ್ತೆ ಒದ್ದೆ ಕಾಲಿನ ಸದ್ದು, ಪಚ್, ಪಚ್, ದೂರ ಹೋಯ್ತು.

"ಎದ್ದು ನೋಡ್ರೀ..."

"ಬೆಕ್ಕು ಕಣೆ. ಬಿದ್ಕೋ."

ಬೆಕ್ಕು ಸುತ್ತಿಗೆ ಹಿಡಿಯುತ್ತಾ, ನೀವೇ ಹೇಳಿ! ಏಳೋಕೆ ಅವನಿಗೂ ಧೈರ್ಯ ಇರಲಿಲ್ಲ, ಅಷ್ಟೇ.

ಪುಟ್ಟ ಮಗಳು ದಿನಾ ಆ ಸ್ಕೂಟರಿನ ಮುಂದೆ ನಿಂತು ಶಾಲೆಗೆ ಹೋಗೋಳು. ಬೆಳಿಗ್ಗೆ ಹೆಂಡತಿ ಮಗುವಿನ ಕೈ ಬಿಡಲೇ ಇಲ್ಲ. "ನಾವು ನಡ್ಕೊಂಡೇ ಹೋಗ್ತೀವಿ. ನೀವು ಮೊದಲು ಆ ದರಿದ್ರ ಬೋಲ್ಟು ವಾಪಸ್ ಇಡಿ."

"ಪುಕ್ಕಲಿ!" ಅಂದು ಒಬ್ಬನೇ ಬುರ್ರಂತ ಹೊರಟ. ಇಳಿಜಾರಿನ ತಿರುವಲ್ಲಿ ಮುಂದಿನ ಚಕ್ರ ಒಂದು ದಾರಿ, ಇವನು ಇನ್ನೊಂದು ದಾರಿ. ಕಾಲು ಎರಡು ತುಂಡು. ಆ ಮಗು ಮುಂದೆ ನಿಂತಿದ್ದಿದ್ರೆ... ಅಯ್ಯೋ, ನೆನೆಸ್ಕೊಂಡರೆ ಈಗಲೂ ಮೈ ಜುಮ್ಮನ್ನುತ್ತೆ.

"ಮುರಿದಿಲ್ಲ, ಚಕ್ರದ ಬೋಲ್ಟು ಯಾರೋ ಬಿಚ್ಚಿದಾರೆ," ಅಂದ ಮೆಕ್ಯಾನಿಕ್. ಇವನು ಆಸ್ಪತ್ರೆ ಮಂಚದ ಮೇಲೂ "ಕಳ್ಳರು, ಕಳ್ಳರು" ಅಂತಿದ್ದ. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ನೋಡಿ.

ಹೆಂಡತಿ ಬೋಲ್ಟು ತೆಗೆದು ಜತೆಗಾರನ ಕೈಗೆ ಕೊಟ್ಟಳು. ಅವನು ಮುಳುಗಿ ಹೋದ, ಅದನ್ನ ಹಿಡ್ಕೊಂಡೇ ವಾಪಸ್ ಬಂದ.

"ಇಡೋಕೆ ಜಾಗ ಇಲ್ಲ ಅಕ್ಕಾ," ಅಂದ. ಕ್ಯಾಮೆರಾ ಅವಳ ಕೈಗಿಟ್ಟ.

ಅವನು ತೆಗೆದ ಫೋಟೋ ನಾನೇ ನೋಡಿದೀನಿ, ಬೇಕಾದ್ರೆ ಆಣೆ ಹಾಕ್ತೀನಿ. ಹಳಿಯ ತೂತಲ್ಲಿ ಸ್ಕೂಟರಿನ ಬೋಲ್ಟು, ಗ್ರೀಸು ಕೂಡ ಹೋಗಿಲ್ಲ. ತೂತಿಗೆ ಅದು ಸಣ್ಣದಾಗಿತ್ತು. ಅಲ್ಲಾಡಬಾರದು ಅಂತ ಒಂದು ಹಳದಿ ಬಟ್ಟೆ ಸುತ್ತಿತ್ತು... ಮಗಳ ಹಳೇ ಫ್ರಾಕಿನ ಚೂರು, ಸ್ಕೂಟರು ಒರೆಸೋಕೆ ಸೀಟಿನ ಕೆಳಗೆ ಇಟ್ಟಿದ್ದು.