ಹಿಂಬೀದಿಯ ಪೈಪು ಮತ್ತು ನಮ್ಮ ನಕ್ಷೆ ಮೇಷ್ಟ್ರು

ಎಲ್ಲರಿಗೂ ನಮಸ್ಕಾರ. ಮುಂದಿನ ಸಾಲಿನಲ್ಲಿ ಕುಳಿತಿರುವ ಮೇಷ್ಟ್ರ ಮನೆಯವರು, ನಮ್ಮ ಅಕ್ಕಾವರಿಗೆ, ಅವರ ಮಗಳಿಗೆ, ನಮ್ಮ ಒಳಚರಂಡಿ ವಿಭಾಗದ ಸಾಹೇಬರಿಗೆ, ಕೆಲಸ ಬಿಟ್ಟು ಬಂದ ಅಣ್ಣತಮ್ಮಂದಿರಿಗೆ, ಅಕ್ಕತಂಗಿಯರಿಗೆ — ನಮಸ್ಕಾರ.

ಈಗ ಸಂಜೆ ನಾಲ್ಕು ಗಂಟೆ ಇಪ್ಪತ್ತು ನಿಮಿಷ. ಬೆಳಿಗ್ಗೆ ಆರಕ್ಕೆ ಒಂದನೇ ಪಂಪು ಚಾಲೂ ಮಾಡಿದೆ. ಒಂಬತ್ತಕ್ಕೆ ಬಾವಿಯಲ್ಲಿ ನೀರು ಏರಿತು, ಎರಡನೆಯದನ್ನೂ ಹಾಕಿದೆ. ಹನ್ನೆರಡಕ್ಕೆ ಇಳಿಯಿತು. ಎರಡು ಗಂಟೆಗೆ ಜಾಲರಿಯ ಕಸ ತೆಗೆದೆ. ಮೂರೂವರೆಗೆ ಪಾಳಿ ಮುಗಿಸಿ, ಕೈಕಾಲು ತೊಳೆದು, ಅಂಗಿ ಬದಲಿಸಿ ಇಲ್ಲಿಗೆ ಬಂದೆ.

— ಹೀಗೆ ಶುರು ಮಾಡಿದ್ದಕ್ಕೆ ಕ್ಷಮಿಸಿ. ನಾನು ಕೊಳಚೆ ನೀರಿನ ಪಂಪ್‌ಹೌಸಿನವನು, ಊರಿನ ಕೊಳಚೆ ಬಂದು ಬೀಳುವ ಬಾವಿ ಕಾಯುವವನು. ಇಪ್ಪತ್ತೆರಡು ವರ್ಷದಿಂದ ಲಾಗ್‌ಬುಕ್ಕಿನಲ್ಲಿ ಗಂಟೆ, ನೀರಿನ ಮಟ್ಟ, ಷರಾ ಬರೆಯುತ್ತಾ ಬಂದವನು. ಬೇರೆ ಥರ ಬರೆಯಲು ನನಗೆ ಬರುವುದಿಲ್ಲ. ನಿನ್ನೆ ಕೂತು ಇದನ್ನೂ ಲಾಗ್‌ಬುಕ್ಕಿನ ಹಿಂದಿನ ಪುಟದಲ್ಲೇ ಬರೆದುಕೊಂಡೆ.

ಹೋದವರನ್ನು ನಾವೆಲ್ಲ ಮೇಷ್ಟ್ರು ಎನ್ನುತ್ತಿದ್ದೆವು. ಅವರು ಒಂದು ದಿನವೂ ಶಾಲೆಯಲ್ಲಿ ಪಾಠ ಮಾಡಿದವರಲ್ಲ. ನಗರಸಭೆಯ ಒಳಚರಂಡಿಗೆ ನಕ್ಷೆ ಬರೆಯುವವರು. ಆದರೆ ತಿಂಗಳಿಗೊಮ್ಮೆ ಪಂಪ್‌ಹೌಸಿಗೆ ಬಂದು ನನ್ನ ಲಾಗ್‌ಬುಕ್ಕಿನ ಮೇಲೆ ಕೆಂಪು ಪೆನ್ನು ಆಡಿಸುತ್ತಿದ್ದರು. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನು ಷರಾ ಜಾಗದಲ್ಲಿ ‘ಎಲ್ಲಾ ಚೆನ್ನಾಗಿದೆ’ ಎಂದು ಬರೆದಿದ್ದೆ.

"ಏನಯ್ಯ ಪಂಪಣ್ಣ, ಇದು ಲಾಗ್‌ಬುಕ್ಕೋ, ಬೀಗರಿಗೆ ಬರೆದ ಕಾಗದವೋ? ಎಷ್ಟು ಅಡಿ ನೀರಿತ್ತು ಬರಿ. ಚೆನ್ನಾಗಿದೆಯೋ ಇಲ್ವೋ ಓದಿದೋರು ಹೇಳ್ತಾರೆ" ಎಂದರು.

ಅಂದಿನಿಂದ ನಾನು ಪಂಪಣ್ಣ. ಈಗ ನನ್ನ ಹೆಂಡತಿ ಕೂಡ ಸಿಟ್ಟು ಬಂದಾಗ ಹಾಗೇ ಕರೆಯುತ್ತಾಳೆ.

ಅವರ ಅಂಗಿಯ ಜೇಬಿನಲ್ಲಿ ಯಾವಾಗಲೂ ಒಂದು ಕನ್ನಡಿ ಇರುತ್ತಿತ್ತು. "ಮೇಷ್ಟ್ರಿಗೆ ಶೋಕಿ ಜಾಸ್ತಿ" ಎಂದು ಹೊಸಬರು ನಗುತ್ತಿದ್ದರು. ತಲೆಯಲ್ಲಿ ಬಾಚಲು ಏನಿತ್ತು, ನೀವೇ ಹೇಳಿ! ಆ ಕನ್ನಡಿ ಇದ್ದದ್ದು ಬಿಸಿಲಿಗೆ. ಬೀದಿಯ ಒಳಚರಂಡಿ ಗುಂಡಿಯ ಮುಚ್ಚಳ ಎತ್ತಿಸಿ, ಪಕ್ಕದಲ್ಲಿ ಮೊಣಕಾಲೂರಿ, ಕನ್ನಡಿಯನ್ನು ಹೀಗೆ — ಹೀಗೆ ಓರೆ ಹಿಡಿದು, ಮೇಲಿನ ಬಿಸಿಲನ್ನು ಕೆಳಗೆ ಕಳಿಸುತ್ತಿದ್ದರು. ಬೆಳಕು ಗುಂಡಿಯ ಗೋಡೆಯ ಮೇಲೆ ಒಂದು ಹಕ್ಕಿಯ ಹಾಗೆ ಹಾರಾಡಿ, ಪೈಪಿನ ಬಾಯಿ ಹುಡುಕಿ, ಒಳಗೆ ಹೋಗುತ್ತಿತ್ತು. ಅಲ್ಲಿ ನೀರು ಮಿನುಗುತ್ತಿತ್ತು. ಕೊಳಚೆ ನೀರು, ನಿಜ. ಆದರೆ ಬಿಸಿಲು ಬಿದ್ದಾಗ ಅದಕ್ಕೆ ತಾನು ಕೊಳಚೆ ಎಂಬುದು ಮರೆತೇ ಹೋಗುತ್ತಿತ್ತು.

ಒಂದು ಮಧ್ಯಾಹ್ನ ನನ್ನ ಪಂಪ್‌ಹೌಸಿನ ಮೆಟ್ಟಿಲ ಮೇಲೆ ಕೂತು ಹೇಳಿದರು: "ಬೆಳಿಗ್ಗೆ ಆರು ಗಂಟೆಯ ಸ್ನಾನ ಒಂಬತ್ತಕ್ಕೆ ನಿನ್ನ ಹತ್ರ ಬರುತ್ತೆ ಕಣೋ. ಊರೆಲ್ಲ ಒಂದು ಕಾಲದಲ್ಲಿದ್ರೆ ನೀನು ಮೂರು ಗಂಟೆ ಹಿಂದೆ ಬದುಕ್ತಾ ಇದೀಯ." ನಾನು ನಕ್ಕೆ. ಆದರೆ ಅಂದಿನಿಂದ ಬಾವಿಯ ನೀರು ಏರುವಾಗೆಲ್ಲ ನನಗೆ ಮುಗಿದುಹೋದ ಬೆಳಗೊಂದು ಮತ್ತೆ ಬಂದ ಹಾಗೆ ಅನಿಸುತ್ತದೆ. ಯಾರೋ ಮುಖ ತೊಳೆದದ್ದು, ಯಾರೋ ಪಾತ್ರೆ ಬೆಳಗಿದ್ದು. ಇವತ್ತು ಒಂಬತ್ತಕ್ಕೂ ಹಾಗೇ ಅನಿಸಿತು. ಮೇಷ್ಟ್ರು ಇಲ್ಲ — ಆದರೂ ನೀರು ಏರಿತು.

ನಿಮಗೆಲ್ಲ ಗೊತ್ತು, ನಗರಸಭೆಯ ಒಳಚರಂಡಿ ಆಸ್ತಿಯೆಲ್ಲ ಈಗ ಜಲಮಂಡಳಿಗೆ ಹಸ್ತಾಂತರವಾಗುತ್ತಿದೆ. ಪಂಪ್‌ಹೌಸು, ಪೈಪು, ಮುಚ್ಚಳ, ಜಾಗ — ಎಲ್ಲ. ಕುಡಿಯುವ ನೀರು ಕೊಡುವವರೇ ಬಳಸಿ ಬಿಟ್ಟ ನೀರನ್ನೂ ನೋಡಿಕೊಳ್ಳಲಿ ಎಂದು. ಒಳ್ಳೆಯದೇ. ಅದಕ್ಕೊಂದು ಪಟ್ಟಿ, ಪಟ್ಟಿಯ ಜೊತೆ ನಕ್ಷೆ. ಅದನ್ನು ಮಾಡಿದವರು ಮೇಷ್ಟ್ರು. ಎಂಟು ತಿಂಗಳು, ಒಂದೊಂದು ಗೆರೆಯ ಮೇಲೂ ನಡೆದರು. "ಪಟ್ಟಿಯಲ್ಲಿದ್ದದ್ದು ಮಂಡಳಿಯದ್ದು. ಪಟ್ಟಿಯಲ್ಲಿ ಇಲ್ಲದ್ದು ಯಾರದ್ದೂ ಅಲ್ಲ ಕಣೋ. ಅದು ಕಟ್ಟಿಕೊಂಡರೆ ಕೇಳೋರು ಯಾರು?" ಎನ್ನುತ್ತಿದ್ದರು. ಡಾಕ್ಟರು ಬಿಸಿಲಲ್ಲಿ ಓಡಾಡಬೇಡಿ ಎಂದಿದ್ದರು. ಅಕ್ಕಾವರು ಕೊಡೆ ಕೊಟ್ಟು ಕಳಿಸುತ್ತಿದ್ದರು. ಮೇಷ್ಟ್ರು ಅದನ್ನು ನನ್ನ ಪಂಪ್‌ಹೌಸಿನಲ್ಲಿ ಇಟ್ಟು ಹೋಗುತ್ತಿದ್ದರು. ಅಕ್ಕಾ, ಇದನ್ನು ನಿಮಗೆ ಹೇಳಬಾರದು ಅಂತ ಆಣೆ ಹಾಕಿಸಿಕೊಂಡಿದ್ದರು. ಕೊಡೆ ಇನ್ನೂ ಅಲ್ಲೇ ಇದೆ.

ಕೊನೆಗೆ ಉಳಿದದ್ದು ಒಂದೇ ಗೆರೆ. ಹಿಂಬೀದಿಯದು. ನಲವತ್ತೊಂದು ಮನೆ. ನಕ್ಷೆಯ ಪ್ರಕಾರ ಆ ಮನೆಗಳ ನೀರು ನೇರವಾಗಿ ನನ್ನ ಬಾವಿಗೆ ಬರಬೇಕು. ಅಲ್ಲಿ ವರ್ಷಕ್ಕೆ ಎರಡು ಸಲ ಪೈಪು ಕಟ್ಟಿಕೊಂಡು, ಕೊಳಚೆ ವಾಪಸು ಬಚ್ಚಲಿಗೆ ನುಗ್ಗುತ್ತದೆ. ನಾವು ಹೋಗಿ ಗೆರೆ ಇದ್ದ ಕಡೆ ಅಗೆಯುತ್ತಿದ್ದೆವು. ಒಣ ಮಣ್ಣು ಸಿಗುತ್ತಿತ್ತು. "ನೀವು ಬಟ್ಟೆ ಚೂರು ತುಂಬ್ತೀರಿ, ಅದಕ್ಕೇ ಹೀಗಾಗೋದು" ಎಂದು ಆ ಮನೆಯವರನ್ನೇ ಬೈದು ಬರುತ್ತಿದ್ದೆವು. ನಾನೂ ಬೈದಿದ್ದೇನೆ. ಗೆರೆಯ ಮೇಲೆ ಯಾರಿಗೂ ಅನುಮಾನವಿಲ್ಲ. ಯಾಕೆಂದರೆ — ಅದು ಮೇಷ್ಟ್ರ ಗೆರೆ.

ಒಂದು ಬುಧವಾರ ಮೇಷ್ಟ್ರು ಹಿಂಬೀದಿಯ ಮೇಲ್ತುದಿಯ ಗುಂಡಿಗೆ ಹಸಿರು ಬಣ್ಣದ ಪುಡಿ ಸುರಿದರು. ಪೈಪು ಎಲ್ಲಿಗೆ ಹೋಗುತ್ತದೆಂದು ತಿಳಿಯಲು ನಾವು ಮಾಡುವುದು ಹಾಗೆ. ಒಬ್ಬರು ಮೇಲೆ ಬಣ್ಣ ಹಾಕಬೇಕು, ಇನ್ನೊಬ್ಬರು ಕೆಳಗೆ ಕಾಯಬೇಕು. ನಾನು ಬಾವಿಯ ಕಟಕಟೆ ಹಿಡಿದು ಕಾದೆ. ಮುಕ್ಕಾಲು ಗಂಟೆಯಲ್ಲಿ ಬರಬೇಕಿತ್ತು. ಒಂದು ಗಂಟೆಯಾಯಿತು. ಎರಡಾಯಿತು. ಬೂದು ಬಣ್ಣದ ನೀರು ಸುಮ್ಮನೆ ಸುತ್ತುತ್ತಿತ್ತು. ನೋಡಿ ನೋಡಿ ನನ್ನ ಕಣ್ಣಲ್ಲೇ ಹಸಿರು ತುಂಬಿಕೊಂಡಿತು, ಗೋಡೆ ನೋಡಿದರೆ ಗೋಡೆಯೂ ಹಸಿರು. ನೀರು ಮಾತ್ರ ಬೂದು. ಮೇಷ್ಟ್ರು ಫೋನ್ ಮಾಡಿದರು. "ಬಂತೇನೋ?" ದನಿಯಲ್ಲಿ ಏದುಸಿರಿತ್ತು. ಎರಡು ಗಂಟೆ ಬಿಸಿಲಲ್ಲಿ ನಿಂತಿದ್ದಾರೆ.

ನಾನು — "ಬಂತು ಮೇಷ್ಟ್ರೇ. ಹಸಿರು ಬಂತು. ನೀವು ಮನೆಗೆ ಹೋಗಿ" ಎಂದೆ.

ಸುಳ್ಳು. ಇಪ್ಪತ್ತೆರಡು ವರ್ಷದಲ್ಲಿ ನೀರಿನ ವಿಷಯದಲ್ಲಿ ನಾನು ಹೇಳಿದ ಒಂದೇ ಸುಳ್ಳು. ಅವರ ಗೆರೆ ತಪ್ಪಿರಲಿಕ್ಕಿಲ್ಲ, ನನ್ನ ಕಣ್ಣೇ ತಪ್ಪಿರಬೇಕು ಎಂದುಕೊಂಡೆ. ಅವರು ನೆರಳಿಗೆ ಹೋಗಲಿ, ಸಾಕು ಎಂದುಕೊಂಡೆ.

ಅವರು ಮನೆಗೆ ಹೋಗಲಿಲ್ಲ. ನೋಡಲು ಬಂದರು. ಖುಷಿಯಿಂದ ಬಂದರು. ಬಾವಿಗೆ ಬಗ್ಗಿ ತುಂಬಾ ಹೊತ್ತು ನೋಡಿದರು. ಆಮೇಲೆ ನನ್ನನ್ನು ನೋಡಿದರು. ಬೈಯಲಿಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಮೆಟ್ಟಿಲ ಮೇಲೆ ಕೂತು ನೀರು ಕೇಳಿ ಕುಡಿದರು.

"ಆ ಗೆರೆ ನಾನು ನಡೆದು ಎಳೆದದ್ದಲ್ಲ ಕಣೋ" ಎಂದರು. "ಮೂವತ್ತು ವರ್ಷದ ಹಿಂದೆ. ಹಿಂಬೀದಿಯ ಅರ್ಧಕ್ಕೆ ಬಂದಿದ್ದೆ, ಆಸ್ಪತ್ರೆಯಿಂದ ಹೇಳಿಕಳಿಸಿದರು, ಹೆರಿಗೆ ನೋವು ಶುರುವಾಗಿದೆ ಅಂತ. ಪೈಪು ಹಾಕಿದ ಮೇಸ್ತ್ರಿ ಅಲ್ಲೇ ಇದ್ದ. ‘ನೇರ ಹೋಗುತ್ತೆ ಸ್ವಾಮಿ, ನೀವು ಹೊರಡಿ, ಮಗು ಮುಖ ನೋಡಿ’ ಅಂದ. ನೇರ ಅಂದ ಅಂತ ನೇರ ಎಳೆದುಬಿಟ್ಟೆ. ಆಮೇಲೆ ಹೋಗಿ ನೋಡೋಣ ಅಂದ್ಕೊಂಡೆ. ಆಮೇಲೆ — ಮಗು ಬಂತಲ್ಲ, ಮರೆತೇಹೋಯ್ತು."

ಲೋಟ ಕೆಳಗಿಟ್ಟು, "ಬುಕ್ಕು ತಗೋ. ಬರಿ. ಹಸಿರು ಬರಲಿಲ್ಲ" ಎಂದರು. ಬರೆದೆ. ಪಕ್ಕದಲ್ಲಿ ಗಂಟೆಯನ್ನೂ ಹಾಕಿದೆ.

ಶನಿವಾರ ಇಬ್ಬರೂ ಹಿಂಬೀದಿಯಲ್ಲಿ, ನೆಲದಡಿ ಎಲ್ಲಾದರೂ ನೀರಿನ ಸದ್ದಿದೆಯೇ ಎಂದು ಅಂಗಡಿ ಅಂಗಡಿ ಕೇಳುತ್ತಾ ಹೋದೆವು. ಮೂಲೆಯಲ್ಲಿ ಹೊಲಿಗೆ ಅಂಗಡಿ. ಟೈಲರಮ್ಮ ಇಲ್ಲೇ ಬಂದಿದ್ದಾರೆ — ಅಲ್ಲಿ, ಕಂಬದ ಪಕ್ಕ. ಬಾಯಲ್ಲಿದ್ದ ಸೂಜಿ ತೆಗೆಯದೆಯೇ ಹೇಳಿದರು: "ನೀರಾ? ನನ್ನ ಕಾಲ ಕೆಳಗೇ ಹರಿಯುತ್ತಲ್ಲ! ಮಧ್ಯಾಹ್ನ ಮಿಷನ್ನು ನಿಲ್ಲಿಸಿದ್ರೆ ಕೇಳುತ್ತೆ. ಮೊದಲು ನನ್ನ ತಲೇಲೇ ಏನೋ ಹರೀತಿದೆ ಅಂದ್ಕೊಂಡು ಡಾಕ್ಟರ ಹತ್ರ ಹೋಗಿದ್ದೆ."

"ಡಾಕ್ಟರು ಏನಂದ್ರು ತಾಯಿ?"

"ಕಿವಿಗೆ ಎಣ್ಣೆ ಬಿಡು ಅಂದ್ರು."

ಮಿಷನ್ನು ಸರಿಸಿದೆವು. ಅದರಡಿ ಚಪ್ಪಡಿ ಕಲ್ಲು. ಹಾರೆ ಹಾಕಿ ಎತ್ತಿದೆ, ಕೆಳಗೆ ಹಳೆಯ ಗುಂಡಿ. ನಾನು ಓಡಿಹೋಗಿ ಮೇಲ್ತುದಿಯಲ್ಲಿ ಬಣ್ಣ ಸುರಿದು ಬಂದೆ. ಮೇಷ್ಟ್ರು ಟೈಲರಮ್ಮನ ಸ್ಟೂಲಿನ ಮೇಲೆ, ಸುತ್ತ ಬಟ್ಟೆಯ ಚೂರುಗಳ ನಡುವೆ, ಕೆಳಗೆ ನೋಡುತ್ತಾ ಕೂತಿದ್ದರು. ಹೊರಗೆ ಬೀದಿಯ ಸದ್ದು ಎಲ್ಲೋ ದೂರಕ್ಕೆ ಹೋದ ಹಾಗಿತ್ತು. ಇಪ್ಪತ್ತು ನಿಮಿಷಕ್ಕೆ ಬಂತು. ಮೊದಲು ಒಂದು ಎಳೆ. ಆಮೇಲೆ ಎಳೆಗೆ ಎಳೆ ಸೇರಿ, ಆ ಕತ್ತಲ ತುಂಬ ಹಸಿರು. ಎಳೆ ಹುಲ್ಲಿನ ಹಸಿರು. ಕೋಣೆಯ ಚಾವಣಿಗೂ ಅದರ ಹೊಳಪು ಬಿದ್ದಂತಿತ್ತು.

"ಮೂವತ್ತು ವರ್ಷ ಕಣೋ" ಎಂದರು. "ಪಾಪ, ಯಾರಿಗೂ ಹೇಳದೆ ಹೋಗ್ತಾ ಇತ್ತು."

ಭಾನುವಾರ ಮನೆಯಲ್ಲಿ ಕೂತು ಹೊಸ ಗೆರೆಯನ್ನು ಹೊಲಿಗೆ ಅಂಗಡಿಯವರೆಗೆ ಪೆನ್ಸಿಲ್ಲಿನಲ್ಲಿ ಎಳೆದರು. ಅಲ್ಲಿಂದ ಮುಂದಕ್ಕೆ ಅಳೆಯುವುದು ಉಳಿದಿತ್ತು. ಸೋಮವಾರ ಊಟ ಮಾಡಿ ಕುರ್ಚಿಯಲ್ಲಿ ಒರಗಿದವರು — ಏಳಲಿಲ್ಲ.

ಈಗ ನಾನು ಹೇಳುವುದನ್ನು ಸಾಹೇಬರು ತಪ್ಪು ತಿಳಿಯಬಾರದು. ಮೂರು ದಿನದ ಹಿಂದೆ, ಲಾಗ್‌ಬುಕ್ಕಿನಲ್ಲಿ ‘ಹಸಿರು ಬರಲಿಲ್ಲ’ ಎಂಬುದನ್ನು ನೋಡಿ, ನನ್ನನ್ನು ಕರೆದು ಹೇಳಿದರು: "ನೋಡಯ್ಯ, ಸಭೇಲಿ ನಾಲ್ಕು ಒಳ್ಳೆ ಮಾತು ಹೇಳು. ಹೋದೋರ ಹೆಸರಿಗೆ ಯಾಕೆ ಮಸಿ? ಪಟ್ಟಿ ಹೇಗಿದೆಯೋ ಹಾಗೇ ಹೋಗ್ಲಿ. ಆಮೇಲೆ ಮಂಡಳಿಯೋರು ನೋಡ್ಕೋತಾರೆ." ಸಾಹೇಬರಿಗೆ ಮೇಷ್ಟ್ರ ಮೇಲೆ ಪ್ರೀತಿ. ಆ ಪ್ರೀತಿ ನನಗೆ ಗೊತ್ತು. ಬಾವಿಯ ಕಟಕಟೆ ಹಿಡಿದು ಫೋನಿನಲ್ಲಿ ನಾನು ಮಾತಾಡಿದ್ದೂ ಅದೇ ಪ್ರೀತಿಯಿಂದ.

ನಾನು ಅಕ್ಕಾವರ ಮನೆಗೆ ಹೋದೆ. ಬಾಗಿಲಲ್ಲಿ ನಿಂತು ಎಲ್ಲ ಹೇಳಿದೆ. ಮಗಳು ಕೇಳಿಸಿಕೊಂಡು, "ಅಂದ್ರೆ ನಾನು ಹುಟ್ಟಿದ ದಿನದ ತಪ್ಪಾ ಇದು?" ಎಂದು ನಕ್ಕರು. ನಗುತ್ತಲೇ ಅತ್ತುಬಿಟ್ಟರು. ಅಕ್ಕಾವರು ಅಳಲಿಲ್ಲ. ಮೇಜಿನ ಡ್ರಾಯರಿನಿಂದ ಅಳತೆ ಟೇಪು ತೆಗೆದು, ಚಪ್ಪಲಿ ಹಾಕಿಕೊಂಡರು.

"ಅಕ್ಕಾ, ನೀವ್ಯಾಕೆ? ನಾನು ಯಾರನ್ನಾದ್ರೂ ಕರ್ಕೊಂಡು ಹೋಗ್ತೀನಿ."

"ಮೂವತ್ತೆರಡು ವರ್ಷ ಈ ಗೆರೆಗಳ ಜೊತೆ ಸಂಸಾರ ಮಾಡಿದೀನಿ. ಟೇಪಿನ ಒಂದು ತುದಿ ಹಿಡಿಯೋಕೆ ಬರಲ್ವೇನಪ್ಪಾ ನನಗೆ?"

ಹೊಲಿಗೆ ಅಂಗಡಿಯಿಂದ ಶಾಲೆ ರಸ್ತೆಯ ದೊಡ್ಡ ಪೈಪಿನವರೆಗೆ ಅರವತ್ತನಾಲ್ಕು ಮೀಟರು. ನೀರು ನನ್ನ ಬಾವಿಗಲ್ಲ, ಎರಡನೇ ಪಂಪ್‌ಹೌಸಿಗೆ ಹೋಗುತ್ತದೆ. ಅಕ್ಕಾವರು ತುದಿ ಹಿಡಿದರು, ನಾನು ಓದಿದೆ. ದಾರಿಯಲ್ಲಿ ಹೋಗುವವರು ನಿಂತು ನೋಡಿದರು. ಕೊನೆಯ ಗುಂಡಿಯ ಹತ್ತಿರ ಅಕ್ಕಾವರು ಒಂದು ಮಾತು ಹೇಳಿದರು: "ತಪ್ಪು ಅವರದ್ದು ಅಂತಾನೇ ಬರಿ. ಯಾರೋ ಮಾಡಿದ್ದು ಅಂತ ಬರೆದ್ರೆ ಅವರಿಗೆ ಸಿಟ್ಟು ಬರುತ್ತೆ."

ಬರೆದಿದ್ದೇನೆ. ಪಟ್ಟಿಗೆ ಸೇರಿಸುವ ಹಾಳೆ ಇದು. ಪೈಪು, ಉದ್ದ, ಆಳ, ನಲವತ್ತೊಂದು ಮನೆ, ಹಳೆಯ ಗೆರೆ ಯಾಕೆ ತಪ್ಪಿತು — ಎಲ್ಲ ಇದೆ. ನಕ್ಷೆಗಾರರ ಸಹಿಯ ಜಾಗ ಖಾಲಿ ಇದೆ. ಅದು ಖಾಲಿಯೇ ಇರಲಿ. ಕೆಳಗೆ ವಿಭಾಗದ ಮುಖ್ಯಸ್ಥರ ಸಹಿ ಬೇಕು. ಅದಿಲ್ಲದಿದ್ದರೆ ಈ ಹಾಳೆ ಬರೀ ಹಾಳೆ, ಆ ಪೈಪು ಯಾರದ್ದೂ ಅಲ್ಲ, ಮುಂದಿನ ಸಲವೂ ನಾವು ಒಣ ಮಣ್ಣು ಅಗೆದು ಆ ಮನೆಯ ಹೆಂಗಸರನ್ನು ಬೈದು ಬರುತ್ತೇವೆ.

ಸಾಹೇಬರೇ — ಇಷ್ಟು ಜನರ ಮುಂದೆ ಕೇಳುತ್ತಿರುವುದಕ್ಕೆ ಕ್ಷಮೆ ಇರಲಿ. ಒಬ್ಬನೇ ಬಂದು ಕೇಳಿದ್ದರೆ ನೀವು ಪ್ರೀತಿಯಿಂದ ಬೆನ್ನು ತಟ್ಟಿ ಕಳಿಸುತ್ತಿದ್ದಿರಿ, ನಾನೂ ಬಂದುಬಿಡುತ್ತಿದ್ದೆ. ನನ್ನ ಗುಣ ನನಗೆ ಗೊತ್ತು.

— ಅಕ್ಕಾ, ನೀವು ಕೂತ್ಕೊಳ್ಳಿ, ನಾನೇ ಕೊಡ್ತೀನಿ. — ಸರಿ. ಹಾಳೆಯನ್ನು ಅಕ್ಕಾವರೇ ಸಾಹೇಬರ ಕೈಗೆ ಕೊಟ್ಟಿದ್ದಾರೆ.

— ಸಾಹೇಬರು ಕನ್ನಡಕ ಹುಡುಕುತ್ತಿದ್ದಾರೆ. ಹಣೆಯ ಮೇಲೇ ಇದೆ ಸಾಹೇಬರೇ. — ಪೆನ್ನು ಇಲ್ಲಿದೆ.

— ಸಹಿ ಆಯಿತು. ಎಲ್ಲರೂ ನೋಡಿದಿರಿ. ಸಾಹೇಬರೇ, ನಿಮ್ಮ ಋಣ ದೊಡ್ಡದು.

ಇನ್ನು ನನ್ನ ಹತ್ತಿರ ಹೇಳಲು ಏನೂ ಉಳಿದಿಲ್ಲ. ದಯವಿಟ್ಟು ಎಲ್ಲರೂ ಎದ್ದು ನಿಲ್ಲೋಣ. ವಯಸ್ಸಾದವರು ಕೂತೇ ಇರಿ, ಪರವಾಗಿಲ್ಲ. ಎರಡು ನಿಮಿಷ ಸದ್ದಿಲ್ಲದೆ ಇರೋಣ. ಮುಗಿದ ಮೇಲೆ ನನ್ನಿಂದ ಮಾತು ಹೊರಡುವುದಿಲ್ಲ, ಆದ್ದರಿಂದ ಇದನ್ನು ಈಗಲೇ ಹೇಳಿಬಿಡುತ್ತೇನೆ. ಹಸ್ತಾಂತರ ನಾಳೆ ಹನ್ನೊಂದಕ್ಕೆ. ಅದಕ್ಕೆ ಮುಂಚೆ, ಒಂಬತ್ತಕ್ಕೆ, ಮಂಡಳಿಯ ಇಂಜಿನಿಯರು ಟೈಲರಮ್ಮನ ಮಿಷನ್ನಿನಡಿಯ ಪೈಪು ನೋಡಲು ಬರುತ್ತಾರೆ. ನಾಳೆ ಮಧ್ಯಾಹ್ನದವರೆಗೆ ಹೊಲಿಗೆ ಅಂಗಡಿ ತೆರೆಯುವುದಿಲ್ಲ.